ಓಹುವೋ ಮಾವಿಯೋ? ಮನೆ ಮಾರುತ್ತಾ ಅಲೆ ಏರುವವರಿಗೆ

ಹವಾಯಿಯಲ್ಲಿ ರಿಯಲ್ ಎಸ್ಟೇಟ್ ಏಜೆಂಟ್ ಲೈಸೆನ್ಸ್ ಇಡೀ ರಾಜ್ಯಕ್ಕೆ ಒಂದೇ. ಮನೆ ಮಾರುತ್ತಾ ಬಿಡುವಿನಲ್ಲಿ ಸರ್ಫಿಂಗ್ ಮಾಡೋಕೆ ಓಹು, ಮಾವಿ ಇವೆರಡರಲ್ಲಿ ಯಾವ ದ್ವೀಪ ಅನ್ನೋದೇ ಪ್ರಶ್ನೆ.

ರಾಜ್ಯದ ಹೆಚ್ಚಿನ ಜನ ಓಹುವಿನಲ್ಲೇ ಇದ್ದಾರೆ, ಹಾಗಾಗಿ ಗಿರಾಕಿಗಳೂ ಜಾಸ್ತಿ. ಅಲ್ಲಿನ ಹೊನೊಲುಲು ನಗರದ ಕೆಲವು ಕಾಂಡೋಗಳು (ಫ್ಲಾಟ್‌ಗಳು) ಲೀಸ್ ಜಮೀನಿನ ಮೇಲಿವೆ. ಲೀಸ್ ಅವಧಿ ಮುಗಿದರೆ ಮನೆ ಕೈತಪ್ಪಬಹುದು. ಕೊಳ್ಳುವವರಿಗೆ ಇದನ್ನು ಬಿಡಿಸಿ ಹೇಳಲೇಬೇಕು, ಅಲ್ವಾ? ಹೊನೊಲುಲುವಿನ ವೈಕಿಕಿ ಕಡಲತೀರದ ಅಲೆಗಳು ಸರ್ಫಿಂಗ್ ಕಲಿಯುವವರಿಗೆ ಹಿತ. ಓಹುವಿನ ಉತ್ತರ ತೀರ ನಾರ್ತ್ ಶೋರ್‌ನ ಚಳಿಗಾಲದ ಅಲೆಗಳು ಪಳಗಿದವರಿಗೆ ಮಾತ್ರ.

ಗಾಳಿ ಬೇಕಾ? ಹಾಗಾದರೆ ಮಾವಿ. ಕನಹಾ, ಹೊಓಕಿಪಾ ಕಡಲತೀರಗಳು ವಿಂಡ್‌ಸರ್ಫಿಂಗ್‌ಗೆ (ಹಾಯಿ ಕಟ್ಟಿದ ಹಲಗೆ ಮೇಲೆ ಗಾಳಿಯ ಬಲದಿಂದ ಸಾಗುವ ಆಟ) ಹೆಸರುವಾಸಿ. ಗಾಳಿ ಸಾಮಾನ್ಯವಾಗಿ ಮಧ್ಯಾಹ್ನ ಜೋರಾಗುತ್ತದೆ. ಬೆಳಿಗ್ಗೆ ಮನೆ ತೋರಿಸಿ ಆಮೇಲೆ ನೀರಿಗಿಳಿಯಬಹುದು. ಆದರೆ ಮಾರುಕಟ್ಟೆ ಚಿಕ್ಕದು. 2023ರಲ್ಲಿ ಮಾವಿಯ ಲಹೈನಾ ಪಟ್ಟಣಕ್ಕೆ ಬಿದ್ದ ಬೆಂಕಿಯಲ್ಲಿ ಸಾವಿರಾರು ಜನ ಮನೆ ಕಳೆದುಕೊಂಡರು. ಅಲ್ಲಿ ಮನೆ ಮಾರುವವರು ಆ ನೋವು ಅರಿತು ಮಾತಾಡಬೇಕು.

ಕಮಿಷನ್ ಮೇಲೇ ಬದುಕುವುದಾದರೆ ಓಹುವಿಗೇ ನನ್ನ ಓಟು. ಉಳಿತಾಯ ಇದ್ದರೆ ಮಾವಿಗೆ ಹೋಗಿ.