ಕಾರು ಚೆನ್ನಾಗಿದೆ, ಮೇಷ್ಟ್ರ ಬಾಯಿ ಚೆನ್ನಾಗಿಲ್ಲ: ಮೈಸೂರಿನ ಒಂದು ಡ್ರೈವಿಂಗ್ ಸ್ಕೂಲ್

ಸ್ಕೂಲಿನ ಹೆಸರು ಬರೆಯುವುದಿಲ್ಲ. ಬೇರೆ ಕಡೆ ಕಲಿತ ಗೆಳತಿಯರೂ ಇದೇ ಕಥೆ ಹೇಳುತ್ತಾರೆ.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ಕಾರು ಕಂಡೀಷನ್‌ನಲ್ಲಿದೆ, ಕ್ಲಚ್ ಹಗುರ, ಮೇಷ್ಟ್ರ ಕಾಲ ಹತ್ತಿರವೂ ಬ್ರೇಕ್ ಇದೆ. ಬೆಳಗಿನ ಬ್ಯಾಚ್‌ನವರನ್ನು ಮಾನಸಗಂಗೋತ್ರಿ ಕಡೆ ಕರೆದುಕೊಂಡು ಹೋಗುತ್ತಾರೆ. ಆ ಹೊತ್ತಿಗೆ ವಾಕಿಂಗ್‌ನವರು ಬಿಟ್ಟರೆ ಯಾರೂ ಇರುವುದಿಲ್ಲ, ಆರಾಮಾಗಿ ಗೇರ್ ಕಲಿಯಬಹುದು. ಎಲ್‌ಎಲ್‌ಆರ್ (ಕಲಿಯುವವರ ಲೈಸೆನ್ಸ್) ಕೆಲಸವನ್ನೂ ಅವರೇ ಮಾಡಿಸಿಕೊಡುತ್ತಾರೆ.

ತೊಂದರೆ ಇರುವುದು ಪಕ್ಕದ ಸೀಟಿನಲ್ಲಿ. "ಲೇಡೀಸ್‌ಗೆ ಜಡ್ಜ್‌ಮೆಂಟ್ ಕಮ್ಮಿ ಮೇಡಂ, ಬೇಜಾರ್ ಮಾಡ್ಕೋಬೇಡಿ" ಅಂತ ಸೀಟ್ ಬೆಲ್ಟ್ ಹಾಕುವಾಗಲೇ ಶುರು. ರಾಮಸ್ವಾಮಿ ಸರ್ಕಲ್‌ನಲ್ಲಿ ಹಿಂದೆ ಸಿಟಿ ಬಸ್ ಹಾರ್ನ್ ಹೊಡೀತಿದೆ, ಎಡಕ್ಕೆ ಆಟೋ ನುಗ್ಗುತ್ತಿದೆ, ಇವರು "ಇದಕ್ಕೇ ಹೇಳೋದು, ನಿಮಗೆಲ್ಲ ಸ್ಕೂಟಿನೇ ಸಾಕು ಅಂತ" ಅಂದರು. ಗಾಡಿ ಆಫ್ ಆಯಿತು. ನನ್ನ ಬ್ಯಾಚ್‌ನ ಹುಡುಗ ಆಫ್ ಮಾಡಿದರೆ ಮಾತ್ರ "ಪರವಾಗಿಲ್ಲ ಮಗಾ, ಹಾಫ್ ಕ್ಲಚ್‌ನಲ್ಲಿ ನಿಧಾನಕ್ಕೆ ಬಿಡು"!

ಇದು ಸುಮ್ನೆ ಬೇಜಾರಿನ ಮಾತಲ್ಲ, ಓಡಿಸುವ ಕೈಗೇ ಹೊಡೆತ ಬೀಳುತ್ತದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದವರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೆಂಗಸರನ್ನು ಸಿಮ್ಯುಲೇಟರ್‌ನಲ್ಲಿ ಕೂರಿಸಿ ಓಡಿಸಲು ಹೇಳಿದ್ದರು. ಹೆಂಗಸರು ಕೆಟ್ಟ ಡ್ರೈವರ್‌ಗಳು ಅನ್ನುವ ಮಾತನ್ನು ಕೆಲವರಿಗೆ ಮೊದಲೇ ನೆನಪಿಸಿದ್ದರು. ಅಡ್ಡ ಬಂದ ಪಾದಚಾರಿಗೆ ಗುದ್ದುವ ಸಾಧ್ಯತೆ ಅವರಲ್ಲಿ ಉಳಿದವರಿಗಿಂತ ಎರಡು ಪಟ್ಟಿಗೂ ಜಾಸ್ತಿ ಇತ್ತು. ಗುದ್ದಿದ್ದು ಪರದೆಯ ಮೇಲೆ, ಪುಣ್ಯ. "ಇವರು ಹೇಳಿದ ಹಾಗೇ ಆಗಿಬಿಟ್ಟರೆ?" ಅನ್ನೋ ಚಿಂತೆ ತಲೆಯಲ್ಲಿ ಜಾಗ ಹಿಡಿದರೆ ರಸ್ತೆಗೆ ಉಳಿಯುವ ಗಮನ ಕಮ್ಮಿ, ಅಲ್ವಾ?

ಮೇಷ್ಟ್ರು ರಜೆ ಹಾಕಿದಾಗ ಒಬ್ಬ ವಯಸ್ಸಾದವರು ಬಂದರು. ಅವರದು ಬರೀ ಕೆಲಸದ ಮಾತು: "ಕನ್ನಡಿ ನೋಡಿ, ಸೆಕೆಂಡ್ ಹಾಕಿ." ಚಾಮುಂಡಿ ಬೆಟ್ಟದ ಏರಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಬಿಡುತ್ತಾ ಹೊರಡುವುದನ್ನು ಕಲಿಸಿದರು. ಕಾರು ಒಂಚೂರೂ ಹಿಂದಕ್ಕೆ ಜಾರಲಿಲ್ಲ. ಅದೇ ಕಾರು, ಅದೇ ನಾನು.

ಓನರ್‌ಗೆ ಹೇಳಿದೆ. "ತಮಾಷೆಗೆ ಹೇಳ್ತಾನೆ ಮೇಡಂ" ಅಂತ ನಕ್ಕರು. ಕಾರಿಗೆ ನಾಲ್ಕು ಸ್ಟಾರ್, ಕಲಿಸುವುದಕ್ಕೆ ಒಂದೂವರೆ. ಸೇರುವವರು ದುಡ್ಡು ಕಟ್ಟುವ ಮೊದಲೇ ಆ ಹಿರಿಯರ ಬ್ಯಾಚೇ ಬೇಕು ಅಂತ ಕೇಳಿ, ಆಗಲ್ಲ ಅಂದರೆ ಬೇರೆ ಕಡೆ ನೋಡಿಕೊಳ್ಳಿ.