4 ಜಿಬಿ ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್ ಮಿಂಟ್: ಆರು ತಿಂಗಳಾದ ಮೇಲೆ

ನನ್ನದು ತೀರಾ ಕಡಿಮೆ ದರದ ಲ್ಯಾಪ್‌ಟಾಪ್. ಸೆಲೆರಾನ್ ಎನ್4020 ಪ್ರೊಸೆಸರ್, 4 ಜಿಬಿ ರ‍್ಯಾಮ್, 64 ಜಿಬಿ ಇಎಂಎಂಸಿ ಸ್ಟೋರೇಜ್. ರ‍್ಯಾಮ್ ಬೋರ್ಡಿಗೇ ಅಂಟಿಕೊಂಡಿದೆ, ಹೆಚ್ಚಿಸೋಣ ಅಂದರೂ ಆಗುವುದಿಲ್ಲ. ವಿಂಡೋಸ್ 11ಕ್ಕೆ ಬೇಕೇ ಬೇಕು ಅಂತ ಮೈಕ್ರೋಸಾಫ್ಟ್ ಹೇಳುವುದೂ ಇಷ್ಟನ್ನೇ, 4 ಜಿಬಿ ರ‍್ಯಾಮ್, 64 ಜಿಬಿ ಜಾಗ. ಜಸ್ಟ್ ಪಾಸ್ ಅಂತಾರಲ್ಲ, ಹಾಗೆ. ಅದಕ್ಕೇ ಎಲ್ಲ ಅಳಿಸಿ, ವಿಂಡೋಸ್ ಬದಲಿಗೆ ಹಾಕಬಹುದಾದ ಉಚಿತ ಓಎಸ್ (ಆಪರೇಟಿಂಗ್ ಸಿಸ್ಟಮ್) ಆದ ಲಿನಕ್ಸ್ ಮಿಂಟ್ 22ರ ಎಕ್ಸ್‌ಎಫ್‌ಸಿಇ ಅನ್ನುವ ಹಗುರ ಆವೃತ್ತಿ ಹಾಕಿಕೊಂಡೆ.

ಮೊದಲು ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಿದ್ದೆ. ನೀವೂ ಹಾಗೇ ಮಾಡಿ, ಡಿಸ್ಕ್ ಮುಟ್ಟದೆ ಒಂದು ದಿನ ಬಳಸಿ, ಸೌಂಡ್, ಟಚ್‌ಪ್ಯಾಡ್, ಕ್ಯಾಮೆರಾ, ಬ್ರೈಟ್‌ನೆಸ್ ಕೀ ಎಲ್ಲ ಕೆಲಸ ಮಾಡುತ್ತಾ ನೋಡಿಕೊಳ್ಳಿ. ನನಗೆ ವೈಫೈ ಕೈಕೊಟ್ಟಿತು. ಲಿಸ್ಟಿನಲ್ಲಿ ಒಂದು ನೆಟ್‌ವರ್ಕೂ ಇಲ್ಲ. ಫೋನನ್ನು ಕೇಬಲ್‌ನಲ್ಲಿ ಚುಚ್ಚಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದೆ, ಅದು ಮಾತ್ರ ತಕ್ಷಣ ಸಿಕ್ಕಿತು. ಇನ್‌ಸ್ಟಾಲ್ ಆದ ಮೇಲೆ ಎಲ್ಲ ಅಪ್‌ಡೇಟ್ ಹಾಕಿ, ಓಎಸ್‌ನ ತಿರುಳಾದ ಕರ್ನಲ್‌ನ ಹೊಸ ಆವೃತ್ತಿಯಲ್ಲಿ ರೀಸ್ಟಾರ್ಟ್ ಮಾಡಿದ ಮೇಲೆ ವೈಫೈ ಎದ್ದಿತು. ಒಂದು ಸಂಜೆ ಅದಕ್ಕೇ ಹೋಯಿತು. ಈ ತಾಳ್ಮೆ ಇಲ್ಲದವರು, ಅಥವಾ ಹೇಳಿಕೊಡುವವರು ಹತ್ತಿರ ಇಲ್ಲದವರು, ಸ್ವಲ್ಪ ಯೋಚಿಸಿ.

ಇನ್ನು ವೇಗ. ಸುಮ್ನೆ ಆನ್ ಮಾಡಿಟ್ಟರೆ ಸುಮಾರು 800 ಎಂಬಿ ರ‍್ಯಾಮ್ ತಿನ್ನುತ್ತದೆ, ಉಳಿದಿದ್ದೆಲ್ಲ ನಮಗೆ. ಫೈಲ್ ತೆರೆಯುವುದು, ಪಿಡಿಎಫ್ ಓದುವುದು, ಟೈಪ್ ಮಾಡುವುದು, ಹಾಡು ಕೇಳುವುದು, ಎಲ್ಲೂ ತಡವರಿಸುವುದಿಲ್ಲ. ಆದರೆ ಲಿನಕ್ಸ್ ಹಾಕಿದರೆ ಹಳೇ ಲ್ಯಾಪ್‌ಟಾಪ್ ಹೊಸದಾಗುತ್ತದೆ ಅನ್ನುವ ಮಾತನ್ನು ಅರ್ಧ ಮಾತ್ರ ನಂಬಿ. ಫೈರ್‌ಫಾಕ್ಸ್‌ನಲ್ಲಿ ಹತ್ತು ಟ್ಯಾಬ್ ತೆರೆದರೆ ಅದೇ ಏದುಸಿರು, ಯಾಕೆಂದರೆ ಇವತ್ತಿನ ವೆಬ್‌ಸೈಟುಗಳೇ ಭಾರ, ಕೆಳಗೆ ಯಾವ ಓಎಸ್ ಇದ್ದರೂ ಅವು ಅಷ್ಟೇ ರ‍್ಯಾಮ್ ಕೇಳುತ್ತವೆ. ಜೆಡ್‌ರ‍್ಯಾಮ್ ಅಂತ ಒಂದಿದೆ, ಸದ್ಯ ಬಳಸದ ಮೆಮೊರಿ ಭಾಗಗಳನ್ನು ರ‍್ಯಾಮಿನೊಳಗೇ ಹಿಂಡಿ ಚಿಕ್ಕದು ಮಾಡಿಡುತ್ತದೆ. ಅದನ್ನು ಹಾಕಿದ ಮೇಲೆ ಪೂರ್ತಿ ನಿಂತುಬಿಡುವುದು ತಪ್ಪಿತು. ಈಗ ಐದಾರು ಟ್ಯಾಬ್, ಅದು ನನ್ನ ಗೆರೆ.

ನಿಜವಾದ ಲಾಭ ಸಿಕ್ಕಿದ್ದು ಜಾಗದಲ್ಲಿ. ಮಿಂಟ್‌ಗೆ 20 ಜಿಬಿ ಇದ್ದರೆ ನಡೆಯುತ್ತದೆ, ಹಾಗಾಗಿ 64ರಲ್ಲಿ ನನ್ನ ಫೋಟೋ, ಫೈಲುಗಳಿಗೂ ಜಾಗ ಉಳಿಯಿತು. ಅಪ್‌ಡೇಟ್ ಯಾವಾಗ ಹಾಕಬೇಕು ಅನ್ನುವುದು ನನ್ನ ಇಷ್ಟ. ಟೈಮ್‌ಶಿಫ್ಟ್ ಸ್ನಾಪ್‌ಶಾಟ್ (ಏನಾದರೂ ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಲು ಇಡುವ ಸಿಸ್ಟಮ್ ನಕಲು) ಮಾತ್ರ ಒಂದೆರಡಕ್ಕಿಂತ ಜಾಸ್ತಿ ಇಡಬೇಡಿ, ಸದ್ದಿಲ್ಲದೆ ಡಿಸ್ಕ್ ತುಂಬಿಸಿಬಿಡುತ್ತದೆ. ಈ ಆವೃತ್ತಿಗೆ 2029ರವರೆಗೆ ಅಪ್‌ಡೇಟ್ ಬರುತ್ತದೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತಲ್ಲ, 11 ಹತ್ತದ ಯಂತ್ರ ಇಟ್ಟುಕೊಂಡವರಿಗೆ ಇದು ಸಣ್ಣ ವಿಷಯ ಅಲ್ಲ.

ಎಂಎಸ್ ಆಫೀಸ್ ಬದಲಿಗೆ ಬಳಸುವ ಲಿಬ್ರೆಆಫೀಸ್ ಬಗ್ಗೆ ದೂರು ಇದೆ. ವರ್ಡ್‌ನಲ್ಲಿ ಮಾಡಿದ ಎರಡು ಪುಟದ ಫೈಲು ಇಲ್ಲಿ ಮೂರು ಪುಟ ಆಗಿತ್ತು. ಕ್ಯಾಲಿಬ್ರಿ ಫಾಂಟ್ ಇಲ್ಲದ್ದೇ ಕಾರಣ. ಅದೇ ಅಳತೆಯ ಕಾರ್ಲಿಟೋ ಹಾಕಿದ ಮೇಲೆ ಸರಿಹೋಯಿತು. ಆದರೆ ಮ್ಯಾಕ್ರೋ ತುಂಬಿದ ಎಕ್ಸೆಲ್ ಶೀಟೇ ನಿಮ್ಮ ಹೊಟ್ಟೆಪಾಡಾದರೆ ವಿಂಡೋಸ್ ಬಿಡಬೇಡಿ. ಫೋಟೋಶಾಪ್ ಬೇಕು ಅನ್ನುವವರಿಗೂ ಅದೇ ಮಾತು, ವ್ಯಾಲೊರಂಟ್ ಗೇಮ್ ಆಡುವವರಿಗೂ ಅದೇ. ಈ ಯಂತ್ರದಲ್ಲಿ ಅವೆರಡೂ ಹೇಗಿದ್ದರೂ ತೆವಳುತ್ತವೆ, ಅದು ಬೇರೆ ವಿಷಯ.

ಕನ್ನಡ ಟೈಪಿಂಗ್ ಸಲೀಸು. ಐಬಸ್ ಅನ್ನುವ ಟೈಪಿಂಗ್ ಸಾಫ್ಟ್‌ವೇರ್ ಮತ್ತು ಅದರ ಎಂ17ಎನ್ ಪ್ಯಾಕೇಜ್ ಹಾಕಿದರೆ ಕೆಜಿಪಿ, ಇನ್‌ಸ್ಕ್ರಿಪ್ಟ್ ಎರಡೂ ಕೀಬೋರ್ಡ್ ವಿನ್ಯಾಸ ಸಿಗುತ್ತವೆ. ಇದನ್ನು ಬರೆದಿದ್ದೂ ಅದರಲ್ಲೇ.

ಇನ್ನೂ ಬಗೆಹರಿಯದೆ ಉಳಿದಿರುವುದು ಸ್ಲೀಪ್. ಮುಚ್ಚಳ ಮುಚ್ಚಿಟ್ಟು ಮಲಗಿದರೆ ಬೆಳಿಗ್ಗೆ ಬ್ಯಾಟರಿ ಕಾಲು ಭಾಗ ಖಾಲಿ. ನೆಟ್‌ನಲ್ಲಿ ಸಿಕ್ಕ ಮೂರು ಉಪಾಯ ಮಾಡಿ ನೋಡಿದೆ, ಒಂದೂ ಹತ್ತಲಿಲ್ಲ. ಈಗ ರಾತ್ರಿ ಶಟ್‌ಡೌನ್ ಮಾಡಿಯೇ ಮಲಗುತ್ತೇನೆ.