ಚಿಕನ್ ಪಾಕ್ಸ್ ಗುಳಿಗಳಿಗೆ ಲೇಸರ್, ಸೂಜಿ, ಪ್ರೈಮರ್, ಕ್ರಾಸ್: ನನ್ನ ಓಟು ಕ್ರಾಸ್‌ಗೇ

ಮೊದಲೇ ಹೇಳಿಬಿಡುತ್ತೇನೆ, ನನ್ನ ಮುಖಕ್ಕೆ ಒಗ್ಗಿದ್ದು ಟಿಸಿಎ ಕ್ರಾಸ್, ಅಂದರೆ ಗುಳಿಯ ತಳಕ್ಕೆ ಮಾತ್ರ ಆಸಿಡ್ ಮುಟ್ಟಿಸುವ ವಿಧಾನ. ಲೇಸರ್‌ಗೆ ಜಾಸ್ತಿ ದುಡ್ಡು ಹೋಯಿತು, ಸೂಜಿಗೆ (ಮೈಕ್ರೋನೀಡ್ಲಿಂಗ್‌ಗೆ) ಜಾಸ್ತಿ ಕಾಯಬೇಕಾಯಿತು, ಆದರೆ ಆಳದ ಗುಳಿಗಳು ಮೇಲೆ ಬಂದದ್ದು ಕ್ರಾಸ್‌ನಲ್ಲಿ ಮಾತ್ರ.

ನನ್ನ ಮುಖದ ವಿವರ ಹೇಳದಿದ್ದರೆ ಈ ಹೋಲಿಕೆಗೆ ಅರ್ಥವಿಲ್ಲ. ಚಿಕ್ಕಂದಿನಲ್ಲಿ ಚಿಕನ್ ಪಾಕ್ಸ್ ಆಗಿ ಹೋದಮೇಲೆ ಹಣೆಯಲ್ಲಿ ಎರಡು, ಹುಬ್ಬುಗಳ ನಡುವೆ ಒಂದು, ಮೂಗಿನ ಪಕ್ಕ ಒಂದು ಆಳವಾದ ಗುಳಿ ಉಳಿದವು. ಎಡಗೆನ್ನೆಯಲ್ಲಿ ಅಗಲವಾದ, ಆದರೆ ಅಷ್ಟೇನೂ ಆಳವಿಲ್ಲದ ಇನ್ನೊಂದಿದೆ. ನನ್ನ ಚರ್ಮಕ್ಕೆ ಒಂದು ಕೆಟ್ಟ ಗುಣವೂ ಇದೆ: ಸೊಳ್ಳೆ ಕಚ್ಚಿದರೂ ತಿಂಗಳುಗಟ್ಟಲೆ ಕಂದು ಮಚ್ಚೆ ಉಳಿಯುತ್ತದೆ.

ಕ್ರೀಮುಗಳ ಬಗ್ಗೆ ಒಂದೇ ಮಾತು. ಸಿಲಿಕೋನ್ ಜೆಲ್ ಉಬ್ಬಿದ ಕಲೆಗೆ ಕೆಲಸ ಮಾಡುತ್ತದೆ, ಗುಳಿಗಲ್ಲ. ಗುಳ್ಳೆ ಕೆರೆದೋ ಸೋಂಕಾಗಿಯೋ ಒಳಚರ್ಮಕ್ಕೆ ಆಧಾರ ಕೊಡುವ ಕೊಲಾಜನ್ ಅನ್ನುವ ಪ್ರೋಟೀನ್ ಹಾಳಾದಾಗಲೇ ಈ ಗುಳಿ ಬೀಳುವುದು. ಮೇಲೆ ಏನು ಸವರಿದರೂ ಆ ಜಾಗ ತುಂಬುವುದಿಲ್ಲ.

ಕನ್ಸೀಲರ್ ಸೋಲುವುದಕ್ಕೆ ಕಾರಣ ಬೇರೆ. ನಮ್ಮ ತೊಂದರೆ ಬಣ್ಣದ್ದಲ್ಲ, ನೆರಳಿನದು. ಎದುರಿನಿಂದ ಬೆಳಕು ಬಿದ್ದರೆ ಗುಳಿ ಕಾಣುವುದೇ ಇಲ್ಲ, ತಲೆ ಮೇಲಿನ ದೀಪದ ಕೆಳಗೆ ನಿಂತರೆ ಎಲ್ಲವೂ ಎದ್ದು ಕಾಣುತ್ತವೆ. ನೆರಳಿಗೆ ಬಣ್ಣ ಬಳಿದು ಏನು ಪ್ರಯೋಜನ? ಡೈಮೆಥಿಕೋನ್ ಇರುವ ದಪ್ಪ ಸಿಲಿಕೋನ್ ಪ್ರೈಮರ್ ಸ್ವಲ್ಪ ವಾಸಿ, ಹಚ್ಚಿರುವಷ್ಟು ಹೊತ್ತಾದರೂ ಅದು ಗುಳಿಯನ್ನು ತುಂಬುತ್ತದೆ. ಆದರೆ ಬೆವರಿದರೆ ಮೇಲಿನ ಫೌಂಡೇಶನ್ ಜಾರಿ ಬಂದು ಗುಳಿಯೊಳಗೇ ಕೂರುತ್ತದೆ, ಮಧ್ಯಾಹ್ನದ ಹೊತ್ತಿಗೆ ಹಣೆ ಮೇಲೆ ಯಾರೋ ಚುಕ್ಕಿ ಇಟ್ಟ ಹಾಗೆ. ಮದುವೆ, ಫೋಟೋ ಅಂತ ಇದ್ದ ದಿನಕ್ಕೆ ಸರಿ. ದಿನಾ ಬೆಳಿಗ್ಗೆ ಮೇಕಪ್‌ಗೆ ಕೂರುವ ತಾಳ್ಮೆ ನನಗಿಲ್ಲ.

ಮೈಕ್ರೋನೀಡ್ಲಿಂಗ್ ಬಗ್ಗೆ ನನಗೆ ದೂರಿಲ್ಲ. ಮರಗಟ್ಟಿಸುವ ಕ್ರೀಮು ಹಚ್ಚಿ ಮುಕ್ಕಾಲು ಗಂಟೆ ಕೂರಿಸುತ್ತಾರೆ, ಆಮೇಲೆ ಸಣ್ಣ ಸೂಜಿಗಳ ಯಂತ್ರ ಓಡಿಸುತ್ತಾರೆ. ಗುಳಿಗೆ ಸಾಮಾನ್ಯವಾಗಿ 1.5ರಿಂದ 2.5 ಮಿಲಿಮೀಟರ್ ಆಳ ಬೇಕು. ಮನೆಯಲ್ಲಿ ಉರುಳಿಸಲು ಮಾರುವ ರೋಲರ್‌ಗಳ ಸೂಜಿ ಹೆಚ್ಚಾಗಿ ಅರ್ಧ ಮಿಲಿಮೀಟರ್ ಅಥವಾ ಅದಕ್ಕಿಂತ ಚಿಕ್ಕದು, ಗುಳಿಯ ಮಟ್ಟಿಗೆ ಅದು ಸುಮ್ನೆ ದುಡ್ಡು ದಂಡ. ಎರಡು ಮೂರು ದಿನ ಮುಖ ಕೆಂಪು, ಆಮೇಲೆ ಏನೂ ಆಗಿಲ್ಲವೇನೋ ಅನ್ನಿಸುತ್ತದೆ. ಹೊಸ ಕೊಲಾಜನ್ ಬರಲು ತಿಂಗಳುಗಳೇ ಬೇಕು. ನನ್ನ ಕೆನ್ನೆಯ ಅಗಲದ ಗುಳಿ ಇದರಿಂದ ಚೆನ್ನಾಗಿ ತುಂಬಿತು. ಹಣೆಯ ಆಳದವು ಮಾತ್ರ ಜಪ್ಪಯ್ಯ ಅಂದರೂ ಕದಲಲಿಲ್ಲ.

ಇನ್ನು ಲೇಸರ್. ಫ್ರಾಕ್ಷನಲ್ ಸಿಒ2 ಅಂತ ಕರೆಯುತ್ತಾರೆ. ಚರ್ಮದಲ್ಲಿ ಸಾಲು ಸಾಲಾಗಿ ಸಣ್ಣ ಬಿಂದುಗಳನ್ನು ಸುಟ್ಟು, ನಡುನಡುವೆ ಒಳ್ಳೆಯ ಚರ್ಮ ಬಿಡುತ್ತಾರೆ, ಹಾಗಾಗಿ ಬೇಗ ಮಾಯುತ್ತದೆ. ಓದುವುದಕ್ಕೆ ಬಹಳ ಚೆನ್ನಾಗಿದೆ. ನನ್ನಂಥ ಚರ್ಮಕ್ಕೆ ಆ ಬಿಸಿಯೇ ಶತ್ರು. ಕ್ಲಿನಿಕ್‌ನವರು ಕೆಲವು ದಿನ ಕೆಂಪಗಿರುತ್ತದೆ ಅಂದರು ಅಷ್ಟೆ, ಕಪ್ಪಾಗುವ ವಿಷಯ ಎತ್ತಲೇ ಇಲ್ಲ. ಕೆಂಪು ಹೋಯಿತು, ಜೊತೆಗೇ ಕಂದು ಜಾಲರಿಯೊಂದು ಬಂತು. ಗುಳಿ ಕೊಂಚ ತುಂಬಿತ್ತೇನೋ, ಆದರೆ ಸುತ್ತಲಿನ ಚರ್ಮವೇ ಕಪ್ಪಾದಮೇಲೆ ಅದನ್ನು ನೋಡುವವರು ಯಾರು? ಬಿಳಿ ಚರ್ಮದವರಿಗೆ ಇದೇ ಲೇಸರ್ ಒಳ್ಳೆಯ ಫಲ ಕೊಡಬಹುದು. ಬೇಗ ಕಪ್ಪಾಗುವವರು ಕಿವಿಯ ಮುಂದೆ ಒಂದು ಸಣ್ಣ ಜಾಗದಲ್ಲಿ ಪರೀಕ್ಷೆ ಮಾಡಿಸಿ, ಒಂದೆರಡು ತಿಂಗಳು ಕಾದು ಆಮೇಲೆ ಮುಖ ಕೊಡಿ.

ಕ್ರಾಸ್ ವಿಧಾನವನ್ನು ಕೊರಿಯಾದ ಚರ್ಮವೈದ್ಯರು 2002ರಲ್ಲಿ ಪ್ರಕಟಿಸಿದರು. ಟಿಸಿಎ ಅಂದರೆ ಟ್ರೈಕ್ಲೋರೋಅಸೆಟಿಕ್ ಆಸಿಡ್, 65ರಿಂದ 100 ಶೇಕಡಾ ಸಾಂದ್ರತೆಯದ್ದು. ಅದರಲ್ಲಿ ಚೂಪು ಕಡ್ಡಿ ಅದ್ದಿ ಗುಳಿಯ ತಳಕ್ಕೆ ಮಾತ್ರ ಮುಟ್ಟಿಸುತ್ತಾರೆ. ಕೆಲವೇ ಸೆಕೆಂಡಿನಲ್ಲಿ ತಳ ಬೆಳ್ಳಗಾಗುತ್ತದೆ, ಚುರುಚುರು ಉರಿಯುತ್ತದೆ, ಮುಗಿಯಿತು. ಮರಗಟ್ಟಿಸುವ ಕ್ರೀಮೂ ಬೇಕಾಗಲಿಲ್ಲ. ಮಾಯುವಾಗ ತಳದಿಂದ ಹೊಸ ಕೊಲಾಜನ್ ಬಂದು ಗುಳಿ ಮೇಲೇಳುತ್ತದೆ. ನಾಲ್ಕರಿಂದ ಆರು ವಾರ ಬಿಟ್ಟು ಮತ್ತೆ ಮುಟ್ಟಿಸಬೇಕು. ನನಗೆ ಇಷ್ಟವಾದದ್ದು ಇದೇ: ನಾಲ್ಕು ಗುಳಿಗಾಗಿ ಇಡೀ ಮುಖವನ್ನು ಒಡ್ಡಬೇಕಾಗಿಲ್ಲ.

ಆದರೆ ಹಕ್ಕಳೆ! ಇದೊಂದೇ ವಿಷಯಕ್ಕೆ ನಾನು ಪ್ರತಿ ಸಲವೂ ಬೈದುಕೊಂಡಿದ್ದೇನೆ. ಮಾರನೇ ದಿನಕ್ಕೇ ಪ್ರತಿ ಗುಳಿಯ ಮೇಲೂ ಕಡುಕಂದು ಹಕ್ಕಳೆ ಕಟ್ಟುತ್ತದೆ, ಉದುರಲು ಒಂದು ವಾರವಾದರೂ ಬೇಕು. ಅಲ್ಲಿವರೆಗೆ ಗುಳಿ ಮೊದಲಿಗಿಂತ ಹತ್ತು ಪಟ್ಟು ಎದ್ದು ಕಾಣುತ್ತದೆ. ಇಷ್ಟು ವರ್ಷ ನಿಮ್ಮ ಗುಳಿ ಬಗ್ಗೆ ಒಂದು ಮಾತು ಆಡದವರೂ ನಿಲ್ಲಿಸಿ ಕೇಳುತ್ತಾರೆ, "ಏನ್ರೀ, ಮತ್ತೆ ಚಿಕನ್ ಪಾಕ್ಸಾ?"

ಕೇಳಿದರೆ ಕೇಳಲಿ, ಅದು ದೊಡ್ಡದಲ್ಲ. ಕಷ್ಟ ಇರುವುದು ಹಕ್ಕಳೆಯನ್ನು ಉಳಿಸಿಕೊಳ್ಳುವುದರಲ್ಲಿ. ಬೇಗ ಕಿತ್ತರೆ ಗುಳಿ ಇನ್ನೂ ಅಗಲವಾಗಬಹುದು ಅಂತ ಡಾಕ್ಟರು ಹೆದರಿಸಿಯೇ ಕಳಿಸಿರುತ್ತಾರೆ. ಟೀ ಶರ್ಟ್ ತಲೆಯಿಂದ ಎಳೆಯುವಾಗ ಮೂಗಿನ ಪಕ್ಕದ್ದು ಸಿಕ್ಕಿಕೊಳ್ಳುತ್ತದೆ, ಟವೆಲ್‌ನಿಂದ ಒರೆಸುವ ಹಾಗಿಲ್ಲ, ಒತ್ತಿಕೊಂಡು ಒಣಗಿಸಬೇಕು, ಕವುಚಿ ಮಲಗಿದರೆ ದಿಂಬಿಗೆ ಉಜ್ಜುತ್ತದೆ, ಮೂರನೇ ದಿನದಿಂದ ನವೆ ಶುರುವಾದರೆ ಕೈ ತಾನಾಗಿಯೇ ಹಣೆಗೆ ಹೋಗುತ್ತದೆ. ಚಿಕ್ಕಂದಿನಲ್ಲಿ ಕೆರೀಬೇಡ ಅಂತ ಬೈಯುವವರಿದ್ದರು, ಈಗ ನಮಗೆ ನಾವೇ ಬೈದುಕೊಳ್ಳಬೇಕು. ತೆಳ್ಳಗೆ ವ್ಯಾಸಲೀನ್ ಹಚ್ಚಿಟ್ಟರೆ ನವೆ ಕಡಿಮೆ. ನಾನು ಬಟನ್ ಇರುವ ಶರ್ಟುಗಳಿಗೇ ಬದಲಾದೆ.

ಹಕ್ಕಳೆ ಉದುರಿದಮೇಲೂ ಅಡಿಯಲ್ಲಿ ಗುಲಾಬಿ ಚುಕ್ಕಿ, ಆಮೇಲೆ ಕಂದು ಉಂಗುರ. ಹೌದು, ಇಲ್ಲೂ ಕಪ್ಪಾಗುತ್ತದೆ. ಆದರೆ ಕಾಳಿನಷ್ಟು ಜಾಗದಲ್ಲಿ, ಲೇಸರ್‌ನ ಹಾಗೆ ಹಣೆ ತುಂಬಾ ಅಲ್ಲ. ಐರನ್ ಆಕ್ಸೈಡ್ ಇರುವ, ಬಣ್ಣದ ಸನ್‌ಸ್ಕ್ರೀನ್ ತಗೊಳ್ಳಿ, ಕಣ್ಣಿಗೆ ಕಾಣುವ ಬೆಳಕೂ ಕಲೆಯನ್ನು ಕಪ್ಪಾಗಿಸುತ್ತದೆ, ಮಾಮೂಲಿನವು ಅದನ್ನು ಅಷ್ಟಾಗಿ ತಡೆಯುವುದಿಲ್ಲ.

ಒಂದು ಎಚ್ಚರಿಕೆ: ಈ ಆಸಿಡ್ ಆನ್‌ಲೈನ್‌ನಲ್ಲೂ ಸಿಗುತ್ತದೆ. ಮನೆಯಲ್ಲಿ ಕೈ ಹಾಕಬೇಡಿ. ಅಂಚಿಗೆ ತಾಗಿದರೆ ಗುಳಿ ದೊಡ್ಡದಾಗುತ್ತದೆ, ಆದ್ದರಿಂದ ಇದರಲ್ಲಿ ಯಂತ್ರಕ್ಕಿಂತ ಡಾಕ್ಟರ ಕೈ ಮುಖ್ಯ.

ಗುಳಿಯಡಿ ಚುಚ್ಚಿ ತುಂಬುವ ಫಿಲ್ಲರ್ ನಾನು ಮುಟ್ಟಲಿಲ್ಲ. ಅದರಲ್ಲಿ ಹೆಚ್ಚಾಗಿ ಬಳಸುವ ಹೈಲುರಾನಿಕ್ ಆಸಿಡ್ ಕಾಲಕ್ರಮೇಣ ಕರಗುತ್ತದೆ, ಮತ್ತೆ ಮತ್ತೆ ದುಡ್ಡು ಸುರಿಯುವುದು ನನ್ನ ಕೈಲಾಗದ ಮಾತು. ಅಂಚು ನೆಟ್ಟಗಿರುವ ಒಂದೇ ಒಂದು ಆಳದ ಗುಳಿ ಇರುವವರು ಪಂಚ್ ಎಕ್ಸಿಷನ್ ಬಗ್ಗೆ ಕೇಳಿ ನೋಡಿ. ಗುಳಿಯನ್ನೇ ಕತ್ತರಿಸಿ ತೆಗೆದು ಹೊಲಿಗೆ ಹಾಕುತ್ತಾರೆ, ದುಂಡು ಗುಳಿ ಇದ್ದಲ್ಲಿ ತೆಳು ಗೆರೆ ಉಳಿಯುತ್ತದೆ.

ಹಾಗಾದರೆ ಯಾರಿಗೆ ಯಾವುದು? ಎಣಿಸಿದರೆ ನಾಲ್ಕೈದು ಗುಳಿ, ಆಳ ಜಾಸ್ತಿ, ಕೈಯಲ್ಲಿ ದುಡ್ಡು ಇದ್ದಾಗ ಒಂದೊಂದು ಸಲ ಮಾಡಿಸುವ ಲೆಕ್ಕ, ವಾರದ ಮಟ್ಟಿಗೆ ಮನೆಯಿಂದ ಕೆಲಸ ಮಾಡಬಹುದು ಅನ್ನುವವರಿಗೆ ಕ್ರಾಸ್. ಅಗಲ ಜಾಸ್ತಿ ಆಳ ಕಡಿಮೆ, ಹಕ್ಕಳೆ ಹೊತ್ತು ಓಡಾಡಲು ಆಗುವುದಿಲ್ಲ ಅಂದರೆ ಸೂಜಿ. ಯಾವುದರಲ್ಲೂ ಗುಳಿ ಪೂರ್ತಿ ಅಳಿಸುವುದಿಲ್ಲ. ನನ್ನ ಹಣೆಯವು ಅರ್ಧಕ್ಕಿಂತ ಜಾಸ್ತಿ ತುಂಬಿವೆ, ಮೂಗಿನ ಪಕ್ಕದ್ದು ಹಟಮಾರಿ. ಬಿಸಿಲುಗಾಲ ಮುಗಿದಮೇಲೆ ಅದಕ್ಕೆ ಇನ್ನೊಂದು ಸಲ ಆಸಿಡ್, ಕೆನ್ನೆಗೆ ಇನ್ನೊಂದು ಸುತ್ತು ಸೂಜಿ ಅಂದುಕೊಂಡಿದ್ದೇನೆ. ಲೇಸರ್ ಮಾತ್ರ ಪುಕ್ಕಟೆ ಕೊಟ್ಟರೂ ಬೇಡ.